ಕಿಡಿ ಕಂಡಿತು, ಕರೆಂಟು ಕಾಣಲಿಲ್ಲ: ಓದುಗರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲಿವೆ. ರೈಲಿನ ಮೇಲೆ ಹತ್ತಿದ ಹುಡುಗನಿಗೆ ಕರೆಂಟು ಹೊಡೆಯುವ ವಿಡಿಯೊ ಎಲ್ಲರ ಫೋನಿಗೂ ಬಂದು ಬಿದ್ದಂತಿದೆ. ನಾನು ಸಬ್‌ಸ್ಟೇಷನ್ನಿನಲ್ಲಿ 22 ವರ್ಷ ಕೆಲಸ ಮಾಡಿದವನು ಅಂತ ಸಂಪಾದಕರು ಎಲ್ಲವನ್ನೂ ನನ್ನ ಮೇಜಿಗೆ ತಳ್ಳಿದ್ದಾರೆ. ಮನಸ್ಸಿನ ವಿಷಯ ಬಂದ ಕಡೆ ಮನೋವೈದ್ಯರಾದ ಗೆಳೆಯರೊಬ್ಬರನ್ನು ಕೇಳಿಕೊಂಡು ಬರೆದಿದ್ದೇನೆ. ತಪ್ಪಿದ್ದರೆ ಬೈಗುಳ ನನಗೇ ಇರಲಿ.

ಪ್ರಶ್ನೆ: ಸರ್, ನಮ್ಮ ಆಫೀಸಿನ ಗುಂಪಿಗೆ ಆ ವಿಡಿಯೊ ಬಂತು. ನಿಂತಿದ್ದ ಗೂಡ್ಸ್ ರೈಲಿನ ಮೇಲೆ ಒಬ್ಬ ಹುಡುಗ ಫೋನ್ ಹಿಡಿದು ನಿಂತಿದ್ದಾನೆ, ಕೈ ಮೇಲೆತ್ತುತ್ತಾನೆ, ಅಷ್ಟೇ. ಬೆಳಕು, ಸದ್ದು, ಆಮೇಲೆ ಹೊಗೆ. ಅವನು ತಂತಿಯನ್ನು ಮುಟ್ಟಲೇ ಇಲ್ಲ. ನಾನು ನೋಡಿ ಫೋನ್ ಪಕ್ಕಕ್ಕಿಟ್ಟೆ, ಮತ್ತೆ ತೆಗೆದು ನೋಡಿದೆ, ಹೀಗೆ ನಾಲ್ಕು ಸಲ. ಒಂಬತ್ತು ದಿನವಾಯಿತು, ದೀಪ ಆರಿಸಿದರೆ ಸಾಕು ಆ ಬೆಳಕೇ ಕಣ್ಣ ಮುಂದೆ ಬರುತ್ತದೆ. ಮುಟ್ಟದೆ ಹೇಗೆ ಹೊಡೆಯಿತು? ಇನ್ನೊಂದು ಕೇಳಲು ನಾಚಿಕೆ. ಅಷ್ಟು ಹೆದರಿದವಳು ನಾಲ್ಕು ಸಲ ಯಾಕೆ ನೋಡಿದೆ? (ಹೆಸರು ಬೇಡ)

ಉತ್ತರ: ಮೊದಲು ಸುಲಭದ್ದು. ರೈಲಿನ ತಂತಿಯಲ್ಲಿ ಹೆಚ್ಚಿನ ಕಡೆ ಇರುವುದು 25,000 ವೋಲ್ಟ್. ಗಾಳಿ ಸಾಮಾನ್ಯವಾಗಿ ಕರೆಂಟನ್ನು ಬಿಡುವುದಿಲ್ಲ, ಆದರೆ ಅದರ ತಾಳ್ಮೆಗೂ ಒಂದು ಮಿತಿ ಇದೆ. ಸುಮಾರು ಒಂದು ಸೆಂಟಿಮೀಟರಿಗೆ 30,000 ವೋಲ್ಟ್ ಬಿದ್ದರೆ ಗಾಳಿಯೇ ಒಡೆದು ತಂತಿಯಂತಾಗುತ್ತದೆ. ಬೆರಳ ತುದಿಯಂಥ ಚೂಪು ವಸ್ತು ಎದುರಿಗಿದ್ದರೆ ಇನ್ನೂ ಬೇಗ ಒಡೆಯುತ್ತದೆ. ಅಂದರೆ ಆ ಹುಡುಗನ ಕೈಗೂ ತಂತಿಗೂ ನಡುವೆ ಕೆಲವೇ ಸೆಂಟಿಮೀಟರ್ ಅಂತರ ಇದ್ದಿರಬೇಕು. ದೂರದಿಂದ ಹಿಡಿದ ವಿಡಿಯೊದಲ್ಲಿ ಅದೇ ಅಂತರ ಜಾಸ್ತಿ ಕಾಣುತ್ತದೆ. "ಎರಡು ಮೀಟರ್ ದೂರದಿಂದಲೇ ಎಳೆದುಕೊಳ್ಳುತ್ತದೆ" ಅಂತ ಜನ ಹೇಳುವುದು ನಿಜವಲ್ಲ, ಕರೆಂಟು ಯಾರನ್ನೂ ಎಳೆದುಕೊಳ್ಳುವುದಿಲ್ಲ. ಹಾಗಾದರೆ ಎರಡು ಮೀಟರ್ ದೂರ ಇರಿ ಅಂತ ಯಾಕೆ ಹೇಳುತ್ತಾರೆ? ಮನುಷ್ಯ ಸುಮ್ಮನೆ ಕಂಬದಂತೆ ನಿಲ್ಲುವುದಿಲ್ಲವಲ್ಲ. ಕೈ ಎತ್ತುತ್ತಾನೆ, ಜಾರುತ್ತಾನೆ, ಕೈಯಲ್ಲಿ ಕೋಲು, ಕೊಡೆ ಏನೋ ಇರುತ್ತದೆ, ಗಾಳಿಗೆ ತಂತಿಯೂ ತೂಗುತ್ತದೆ. ರೈಲಿನ ಮಾಡಿಗೂ ತಂತಿಗೂ ನಡುವೆ ಸಾಮಾನ್ಯವಾಗಿ ಒಬ್ಬ ಆಳು ನೆಟ್ಟಗೆ ನಿಲ್ಲುವಷ್ಟೂ ಜಾಗ ಇರುವುದಿಲ್ಲ. ಕೈ ಎತ್ತಿದರೆ ಕೇಳಬೇಕೇ.

ಒಂದು ಸಲ ಕಿಡಿ ಹತ್ತಿತೆಂದರೆ ಆ ದಾರಿ ತೆರೆದುಕೊಂಡೇ ಇರುತ್ತದೆ, ಆಚೆ ಎಲ್ಲೋ ಕರೆಂಟನ್ನು ಕಡಿಯುವ ಬ್ರೇಕರ್ ಬೀಳುವವರೆಗೂ. ಅದು ಬೀಳುವುದು ಸೆಕೆಂಡಿನ ಒಂದು ಚೂರಿನಲ್ಲಿ, ಆದರೂ ಅಷ್ಟು ಹೊತ್ತು ಸಾಕು. ಹೀಗೆ ಗಾಳಿಯಲ್ಲೇ ಉರಿಯುವ ಕಿಡಿಗೆ ಆರ್ಕ್ ಅನ್ನುತ್ತೇವೆ. ದೊಡ್ಡ ಆರ್ಕ್‌ನ ಬಿಸಿ ಸುಮಾರು 20,000 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಬಲ್ಲದು, ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಅಷ್ಟೇ. ನಿಮಗೆ ಕಂಡ ಬೆಳಕು ಅದು.

ಇನ್ನು ನಾಚಿಕೆಯ ಪ್ರಶ್ನೆ. ನಾಚಿಕೆ ಬೇಡ. ಮೊದಲ ಸಲ ನೋಡಿದಾಗ ನಿಮಗೆ ಅರ್ಥವೇ ಆಗಲಿಲ್ಲ, ಅಲ್ವಾ? ಮುಟ್ಟದೆ ಹೊಡೆಯಿತು ಅನ್ನುವುದು ಲೆಕ್ಕಕ್ಕೆ ಸಿಗಲಿಲ್ಲ. ಅಪಾಯ ಎಲ್ಲಿಂದ ಬಂತು ಅಂತ ಗೊತ್ತಾಗದಿದ್ದರೆ ಮನಸ್ಸು ಮತ್ತೆ ಅದೇ ಜಾಗಕ್ಕೆ ಹೋಗಿ ಹುಡುಕುತ್ತದೆ, ಅದು ಅದರ ಕೆಲಸ. ತೊಂದರೆ ಏನೆಂದರೆ ಹುಡುಕುತ್ತಿರುವುದು ಆ ವಿಡಿಯೊದಲ್ಲಿ ಇಲ್ಲವೇ ಇಲ್ಲ. ವೋಲ್ಟೇಜ್ ಕ್ಯಾಮೆರಾಗೆ ಕಾಣುವುದಿಲ್ಲ. ನಾಲ್ಕಲ್ಲ, ನಲವತ್ತು ಸಲ ನೋಡಿದರೂ ಸಿಗುವುದು ಅದೇ ಬೆಳಕು, ಅದೇ ಹೊಗೆ.

ಪರದೆಯಲ್ಲಿ ನೋಡಿದ್ದಕ್ಕೆ ಇಷ್ಟೊಂದಾ ಅಂತ ಯಾರಾದರೂ ನಕ್ಕರೆ ಇದನ್ನು ಹೇಳಿ. 2013ರಲ್ಲಿ ಬೋಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿದಾಗ ಸಂಶೋಧಕರು ಜನರನ್ನು ವಿಚಾರಿಸಿದರು. ಮುಂದಿನ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಅದರ ಸುದ್ದಿ, ದೃಶ್ಯ ನೋಡುತ್ತಾ ಕೂತವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚಿನ ಒತ್ತಡದ ಲಕ್ಷಣ ಕಂಡವು. ಸ್ಥಳದಲ್ಲಿದ್ದವನಿಗೆ ಅದು ಒಂದು ಸಲ ಆಗಿ ಮುಗಿಯಿತು. ನೋಡುವವನಿಗೆ ಮುಗಿಯುವುದೇ ಇಲ್ಲ, ಮತ್ತೆ ಮೊದಲಿಂದ.

ಈಗ ಏನು ಮಾಡುವುದು? ಆ ವಿಡಿಯೊ ಅಳಿಸಿ, ಗುಂಪಿನಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. "ಈಗ ನೋಡಿದರೆ ಹೆದರಿಕೆ ಆಗುತ್ತದಾ" ಅಂತ ಪರೀಕ್ಷೆ ಮಾಡಲು ಹೋಗಬೇಡಿ. ದೃಶ್ಯ ಬಂದಾಗ ಒದ್ದಾಡಿ ಓಡಿಸುವ ಬದಲು ಕಣ್ಣಿಗೂ ಕೈಗೂ ಒಂದು ಕೆಲಸ ಕೊಡಿ. 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಅಪಘಾತದ ದೃಶ್ಯಗಳನ್ನು ತೋರಿಸಿ, ಅರ್ಧ ಗಂಟೆ ಬಿಟ್ಟು ಕೆಲವರಿಗೆ ಹತ್ತು ನಿಮಿಷ ಟೆಟ್ರಿಸ್ ಆಡಿಸಿದರು, ಬಣ್ಣದ ತುಂಡು ಜೋಡಿಸುತ್ತಾ ಹೋಗುವ ಹಳೇ ಆಟ ಅದು. ಮುಂದಿನ ಒಂದು ವಾರ ಅವರಿಗೆ ಆ ದೃಶ್ಯಗಳು ಕಡಿಮೆ ಮರುಕಳಿಸಿದವು. ನೋಡಿ ಒಂಬತ್ತು ದಿನವಾದ ಮೇಲೆ ಅಷ್ಟೇ ಕೆಲಸ ಮಾಡುತ್ತದೆ ಅಂತ ನಾನು ಮಾತು ಕೊಡಲಾರೆ, ಆದರೆ ಮಲಗುವ ಮುನ್ನ ಫೋನಿನಲ್ಲಿ ಮತ್ತೊಂದು ವಿಡಿಯೊ ನೋಡುವುದಕ್ಕಿಂತ ತುಂಡು ಜೋಡಿಸುವುದು ವಾಸಿ. ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. "ಬರೀ ವಿಡಿಯೊ ನೋಡಿದ್ದು" ಅಂತ ಸಂಕೋಚ ಪಡಬೇಡಿ, ಅವರು ಇಂಥದ್ದನ್ನು ಈಗ ಕೇಳುತ್ತಲೇ ಇರುತ್ತಾರೆ.

ಪ್ರಶ್ನೆ: ಕೊಲ್ಲುವುದು ವೋಲ್ಟೇಜ್ ಅಲ್ಲ, ಕರೆಂಟು ಅಂತ ಎಲ್ಲರೂ ಹೇಳುತ್ತಾರೆ. ವಿಜ್ಞಾನ ಪ್ರದರ್ಶನದಲ್ಲಿ ಲಕ್ಷಾಂತರ ವೋಲ್ಟಿನ ಲೋಹದ ಗುಂಡನ್ನು ಮುಟ್ಟಿ ಕೂದಲು ನಿಲ್ಲಿಸಿಕೊಳ್ಳುತ್ತಾರಲ್ಲ? ಹಾಗಾದರೆ ಹಳೇ ಮೈಕ್ರೊವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ತೆಗೆದು ಮರದ ಹಲಗೆ ಮೇಲೆ ಮಿಂಚಿನ ಚಿತ್ರ ಸುಡಬಹುದಾ? ವಿಡಿಯೊದಲ್ಲಿ ತುಂಬಾ ಚೆನ್ನಾಗಿ ಬರುತ್ತದೆ. (ಡಿಪ್ಲೊಮಾ ವಿದ್ಯಾರ್ಥಿ)

ಉತ್ತರ: ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

"ವೋಲ್ಟೇಜ್ ಕೊಲ್ಲುವುದಿಲ್ಲ" ಅನ್ನುವುದು ಬಾವಿಯ ಆಳ ಕೊಲ್ಲುವುದಿಲ್ಲ, ನೀರು ಕೊಲ್ಲುತ್ತದೆ ಅಂದಂತೆ. ವೋಲ್ಟೇಜ್ ತಳ್ಳದೆ ಕರೆಂಟು ಮೈಯೊಳಗೆ ಹೋಗುವುದಾದರೂ ಹೇಗೆ? ಒದ್ದೆ ಚರ್ಮದ ಮನುಷ್ಯನ ತಡೆ ಸುಮಾರು 1,000 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈಯನ್ನು ಬಿಡಲು ಕಷ್ಟ, 50ರಿಂದ 100 ದಾಟಿದರೆ ಎದೆಬಡಿತವೇ ದಿಕ್ಕು ತಪ್ಪಬಹುದು. ಕರೆಂಟು ಸೋರಿದರೆ ಲೈನ್ ಕಡಿಯುವ ಮನೆಯ ಸೋರಿಕೆ ಬ್ರೇಕರನ್ನು 30 ಮಿಲಿಆಂಪಿಯರಿಗೆ ಬೀಳುವಂತೆ ಮಾಡಿರುವುದು ಅದಕ್ಕೇ. ಪ್ರದರ್ಶನದ ಲೋಹದ ಗುಂಡಿನಲ್ಲಿ ವೋಲ್ಟೇಜ್ ಲಕ್ಷ ಇದ್ದರೂ ಒಳಗಿರುವ ಸರಕು, ಅಂದರೆ ಚಾರ್ಜ್, ಚಿಟಿಕೆಯಷ್ಟು. ಕಣ್ಣು ಮಿಟುಕಿಸುವ ಮೊದಲೇ ಖಾಲಿ.

ಮೈಕ್ರೊವೇವ್ ಟ್ರಾನ್ಸ್‌ಫಾರ್ಮರ್ ಹಾಗಲ್ಲ. ಅಲ್ಲಿ ಸುಮಾರು 2,000 ವೋಲ್ಟ್ ಇದೆ, ಹಿಂದೆ ಗೋಡೆಯ ಪ್ಲಗ್ಗಿನಿಂದ ನಿಲ್ಲದೆ ಬರುವ ಸರಕೂ ಇದೆ. ಮನೆಯ ಸೋರಿಕೆ ಬ್ರೇಕರ್ ಇದನ್ನು ಹಿಡಿಯುವುದೂ ಇಲ್ಲ. ನಿಮಗೆ ಹೊಡೆಯುವ ಕರೆಂಟು ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲೇ ಸುತ್ತುತ್ತದೆ, ಈಚೆ ಬದಿಯ ಬ್ರೇಕರಿಗೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಆ ಓವನ್ನಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು, ಅದು ಬೇರೆ ಕಥೆ. ಈ ಮಿಂಚಿನ ಗೆರೆಗಳಿಗೆ ಲಿಕ್ಟೆನ್‌ಬರ್ಗ್ ಚಿತ್ರಗಳು ಅಂತ ಹೆಸರು. ಆ ಹೆಸರಿನ ಜರ್ಮನ್ ಭೌತವಿಜ್ಞಾನಿ 1777ರಲ್ಲಿ ಅವನ್ನು ಪುಡಿ ಉದುರಿಸಿ ನೋಡಿದ್ದ, ಯಾರ ಜೀವವೂ ಹೋಗಿರಲಿಲ್ಲ. ಈಗ ಮರದ ಮೇಲೆ ಸುಡಲು ಹೋಗಿ ಎಷ್ಟು ಜನ ಸತ್ತಿದ್ದಾರೆ ಅಂದರೆ, ಮರ ಕಡೆಯುವವರ ಸಂಘವಾದ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದೆ. ನೀವು ನೋಡಿದ್ದು ಬದುಕುಳಿದವರು ಹಾಕಿದ ವಿಡಿಯೊಗಳನ್ನು. ಉಳಿಯದವರು ಏನನ್ನೂ ಅಪ್‌ಲೋಡ್ ಮಾಡಲಿಲ್ಲ.

ಪ್ರಶ್ನೆ: ಕಾಗೆಗೆ ಯಾಕೆ ಹೊಡೆಯುವುದಿಲ್ಲ?

ಉತ್ತರ: ಎರಡು ಕಾಲೂ ಒಂದೇ ತಂತಿಯ ಮೇಲೆ ಇರುತ್ತವೆ, ನಡುವೆ ವ್ಯತ್ಯಾಸವೇ ಇಲ್ಲದಷ್ಟು ಕಡಿಮೆ. ತಳ್ಳುವವರಿಲ್ಲ, ಹರಿಯುವುದಿಲ್ಲ. ರೆಕ್ಕೆ ಅಗಲ ಇರುವ ಹದ್ದು ಒಂದು ತಂತಿಯಿಂದ ಇನ್ನೊಂದಕ್ಕೋ, ಕಂಬದ ಕಬ್ಬಿಣಕ್ಕೋ ತಾಗಿದರೆ ಸಾಯುತ್ತದೆ. ಅಂದಹಾಗೆ ತಂತಿಯ ಮೇಲೆ ಕಾಗೆ ಕೂತಿದೆ ಅಂದರೆ ತಂತಿ ಬಂದ್ ಆಗಿದೆ ಅಂತ ತಿಳಿಯುವವರು ಇನ್ನೂ ಇದ್ದಾರೆ!

ಪ್ರಶ್ನೆ: ನಾನು ಕಟ್ಟಡ ಕೆಲಸದ ಮೇಸ್ತ್ರಿ. ಕೆಳಗೆ 15 ಜನ ಹುಡುಗರು. ತಿಂಗಳಿಗೊಂದು ಸಲ ಎಲ್ಲರನ್ನೂ ಕೂರಿಸಿ ಕರೆಂಟ್ ಹೊಡೆದು ಸಾಯುವ ವಿಡಿಯೊಗಳನ್ನು ತೋರಿಸುತ್ತೇನೆ. ನನ್ನ ಮಗಳು ಇದು ಹಿಂಸೆ ಅನ್ನುತ್ತಾಳೆ. ಭಯ ಇದ್ದರೆ ತಾನೇ ಬುದ್ಧಿ?

ಉತ್ತರ: ನಿಮ್ಮ ಕಾಳಜಿ ನಿಜ. ಹುಡುಗರ ಜೀವದ ಬಗ್ಗೆ ತಿಂಗಳಿಗೊಮ್ಮೆ ಯೋಚಿಸುವ ಮೇಸ್ತ್ರಿಗಳು ಎಷ್ಟು ಜನ ಇದ್ದಾರೆ? ಆದರೂ ನಾನು ಮಗಳ ಕಡೆ, ಸ್ವಲ್ಪ ಬೇರೆ ಕಾರಣಕ್ಕೆ.

ಮುಂದಿನ ಸಲ ವಿಡಿಯೊ ಮುಗಿದ ಮೇಲೆ ಒಬ್ಬ ಹುಡುಗನನ್ನು ಕೇಳಿ: "ನಾಳೆ ಕೆಲಸದಲ್ಲಿ ನೀನು ಏನು ಬೇರೆ ಥರ ಮಾಡುತ್ತೀಯ?" ಹುಷಾರಾಗಿರುತ್ತೇನೆ ಅನ್ನುತ್ತಾನೆ. ಅಷ್ಟೇ. ಇಷ್ಟುದ್ದದ ಕಂಬಿಯನ್ನು ನೆಟ್ಟಗೆ ಎತ್ತದೆ ಅಡ್ಡ ಹಿಡಿದು ಸಾಗಿಸುತ್ತೇನೆ ಅಂತಾಗಲಿ, ಅಲ್ಯುಮಿನಿಯಂ ಏಣಿಯನ್ನು ಆ ಮೂಲೆಗೆ ತರುವುದಿಲ್ಲ ಅಂತಾಗಲಿ ಹೇಳುವುದಿಲ್ಲ, ಯಾಕೆಂದರೆ ವಿಡಿಯೊ ಅದನ್ನು ಹೇಳಲೇ ಇಲ್ಲ. ವಿಡಿಯೊ ಶುರುವಾಗುವುದೇ ಎಲ್ಲ ತಪ್ಪುಗಳೂ ಆಗಿ ಮುಗಿದ ಮೇಲೆ. ಮುಗಿಯುವುದೂ ಬೇಗ, ಆಮೇಲಿನದ್ದು ಕಾಣುವ ಮೊದಲೇ. ಹೈ ವೋಲ್ಟೇಜಿನಲ್ಲಿ ಸುಡುವುದು ಚರ್ಮಕ್ಕಿಂತ ಹೆಚ್ಚಾಗಿ ಒಳಗೆ. ಕರೆಂಟು ಹೋದ ದಾರಿಯುದ್ದಕ್ಕೂ ಮಾಂಸಖಂಡ ಬೇಯುತ್ತದೆ, ಸತ್ತ ಮಾಂಸದಿಂದ ಹೊರಟ ವಸ್ತು ರಕ್ತದಲ್ಲಿ ಬಂದು ಮೂತ್ರಪಿಂಡವನ್ನು ಕಟ್ಟುತ್ತದೆ. ಹೊರಗೆ ನೋಡಿದರೆ ಅಂಗೈಯಲ್ಲಿ ಒಂದು ಸಣ್ಣ ಗಾಯ, ಪಾದದಲ್ಲಿ ಒಂದು. ಬದುಕುಳಿದವನ ಕೈ ಉಳಿಯುತ್ತದಾ ಇಲ್ಲವಾ ಅನ್ನುವುದು ಎಷ್ಟೋ ದಿನ ಕಳೆದ ಮೇಲೆ ತೀರ್ಮಾನವಾಗುತ್ತದೆ. ಆ ದಿನಗಳನ್ನು ಯಾರು ಚಿತ್ರೀಕರಿಸುತ್ತಾರೆ?

ಇಂಥ ಸಾವನ್ನು ನಿಂತು ನೋಡುವುದು ಇವತ್ತಿನ ಚಟವೂ ಅಲ್ಲ. 1889ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಜಾನ್ ಫೀಕ್ಸ್ ಎಂಬ ಲೈನ್‌ಮನ್ ಕಂಬದ ಮೇಲೆ ತಂತಿಗಳ ಗೋಜಲಿನಲ್ಲಿ ಸಿಕ್ಕಿ ಸತ್ತ. ಮಧ್ಯಾಹ್ನದ ಊಟದ ಹೊತ್ತು, ಬೀದಿ ತುಂಬಾ ಜನ. ಅರ್ಧ ಗಂಟೆಗೂ ಮೀರಿ ಅವನ ದೇಹ ಮೇಲೆಯೇ ನೇತಾಡುತ್ತಿತ್ತು, ಕಿಡಿ ಹಾರುತ್ತಿತ್ತು, ಸಾವಿರಾರು ಮಂದಿ ಕೆಳಗೆ ನಿಂತು ನೋಡಿದರು. ಅಷ್ಟು ಕಣ್ಣುಗಳಲ್ಲಿ ಒಂದಕ್ಕೂ ಕಾರಣ ಕಾಣಲಿಲ್ಲ. ಅವನು ಮುಟ್ಟಿದ್ದು ಅಪಾಯವಿಲ್ಲದ ಟೆಲಿಗ್ರಾಫ್ ತಂತಿ ಅಂದುಕೊಂಡು, ಅದಕ್ಕೆ ಎಲ್ಲೋ ಆಚೆ ಬೀದಿಯಲ್ಲಿ ಹೈ ವೋಲ್ಟೇಜ್ ತಂತಿ ತಾಗಿಕೊಂಡಿತ್ತು. ಆ ದೃಶ್ಯದಿಂದ ಊರೇ ರೊಚ್ಚಿಗೆದ್ದಿದ್ದು ನಿಜ, ಅದರ ಬೆನ್ನಿಗೆ ಮೇಯರ್ ಕಂಬಗಳನ್ನು ಕಡಿಸಿದ್ದೂ ನಿಜ, ಹಾಗಾಗಿ ನೋಡುವುದರಿಂದ ಏನೂ ಆಗುವುದಿಲ್ಲ ಅಂತ ನಾನು ವಾದ ಮಾಡುವುದಿಲ್ಲ. ಆದರೆ 14 ವರ್ಷ ಬಿಟ್ಟು, 1903ರಲ್ಲಿ, ಅದೇ ನಗರದ ಕೋನಿ ಐಲೆಂಡಿನಲ್ಲಿ ಟಾಪ್ಸಿ ಎಂಬ ಆನೆಗೆ ವಿಷ ಉಣಿಸಿ 6,600 ವೋಲ್ಟ್ ಹಾಯಿಸಿ ಕೊಂದಾಗ ಎಡಿಸನ್ನನ ಕಂಪನಿ ಕ್ಯಾಮೆರಾ ಇಟ್ಟು ಚಿತ್ರೀಕರಿಸಿತು. ಯಂತ್ರಕ್ಕೆ ನಾಣ್ಯ ಹಾಕಿದರೆ ಆ ಚಿತ್ರ ನೋಡಬಹುದಿತ್ತು. ಅದರಿಂದ ಯಾವ ಕಂಬವೂ ಬದಲಾಗಲಿಲ್ಲ.

ನನಗೆ ಭಯ ಕಲಿಸಿದ್ದು ಒಂದು ಸಣ್ಣ ಸದ್ದು. ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಲೈನ್ ಬಂದ್ ಮಾಡಿದ್ದೇವೆ, ಬ್ರೇಕರ್ ತೆಗೆದಿದೆ, ಲೈನನ್ನು ಬೇರ್ಪಡಿಸುವ ಸ್ವಿಚ್ಚಾದ ಐಸೊಲೇಟರ್ ತೆರೆದು ಬೀಗ ಹಾಕಿದೆ, ಬೋರ್ಡು ನೇತುಹಾಕಿದೆ. ನನ್ನ ಲೆಕ್ಕದಲ್ಲಿ ಅದು ಸತ್ತ ತಂತಿ. ಹಿರಿಯ ಫೋರ್‌ಮನ್ ಒಬ್ಬರು ನನ್ನ ಕೈಗೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಕೊಟ್ಟು, "ಮೊದಲು ಈ ಕಡೆ ನೆಲಕ್ಕೆ ಬಿಗಿ, ಆಮೇಲೆ ಆ ಕಡೆ ತಂತಿಗೆ ಹಾಕು, ಕಿವಿ ಇಟ್ಟು ಕೇಳು" ಅಂದರು. ಕೊಕ್ಕೆ ತಂತಿಗೆ ಇನ್ನೇನು ತಾಗಬೇಕು, ಚಟ್ ಅಂತ ಉಗುರಿನಷ್ಟು ನೀಲಿ ಕಿಡಿ. ಪಕ್ಕದಲ್ಲೇ ಓಡುತ್ತಿದ್ದ ಇನ್ನೊಂದು ಲೈನಿನಿಂದ ಈ ಬಂದ್ ಆದ ತಂತಿಗೂ ವೋಲ್ಟೇಜ್ ಏರಿತ್ತು. "ನಿನ್ನ ಸತ್ತ ತಂತಿ ಮಾತಾಡ್ತು ನೋಡು" ಅಂತ ಹೇಳಿ ಅವರು ಬೀಡಿ ಹುಡುಕುತ್ತಾ ಹೋದರು. ಆಮೇಲೆ 22 ವರ್ಷದಲ್ಲಿ ಒಂದು ದಿನವೂ ನಾನು ಅರ್ಥಿಂಗ್ ಮಾಡದೆ ತಂತಿ ಮುಟ್ಟಲಿಲ್ಲ.

ಆದ್ದರಿಂದ ಮೇಸ್ತ್ರಿಗಳೇ, ಪರದೆ ಬಿಟ್ಟು ಹುಡುಗರನ್ನು ಕೆಲಸದ ಜಾಗದಲ್ಲಿ ಒಂದು ಸುತ್ತು ಹಾಕಿಸಿ. ತಲೆ ಎತ್ತಿ ನೋಡಲು ಹೇಳಿ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಸಾರುವೆ ಅದಕ್ಕೆ ಎಷ್ಟು ಹತ್ತಿರ, ಉದ್ದನೆಯ ಕಂಬಿ ಎಲ್ಲಿ ತಿರುಗಿಸಬಾರದು. ಕಪ್ಪಗೆ ಕಾಣುವ ತಂತಿಗೆ ರಬ್ಬರ್ ಹೊದಿಕೆ ಇದೆ ಅಂದುಕೊಂಡಿರುತ್ತಾರೆ ಎಷ್ಟೋ ಜನ. ಹೈ ವೋಲ್ಟೇಜಿನ ಮೇಲ್ತಂತಿಗಳು ಹೆಚ್ಚಿನವು ಬರಿದೇ ಇರುತ್ತವೆ, ಹಳತಾಗಿ ಕಪ್ಪಾಗಿರುತ್ತವೆ ಅಷ್ಟೇ.

ಪ್ರಶ್ನೆ: ತಂತಿ ಹರಿದು ನೆಲಕ್ಕೆ ಬಿದ್ದಿದೆ, ಕಿಡಿ ಇಲ್ಲ, ಸದ್ದಿಲ್ಲ. ಒಣ ಕೋಲಿನಿಂದ ಪಕ್ಕಕ್ಕೆ ಸರಿಸಬಹುದಾ?

ಉತ್ತರ: ಸರಿಸಬಾರದು. ಒಣ ಕೋಲಿನ ಮಾತು ಮನೆಯೊಳಗಿನ ವೋಲ್ಟೇಜಿಗೆ, ಅದೂ ಸ್ವಿಚ್ ಆರಿಸಲು ದಾರಿಯೇ ಇಲ್ಲದಿದ್ದಾಗ. ಸಾವಿರಾರು ವೋಲ್ಟಿಗೆ ಕೋಲೂ ಒಂದು ತಂತಿಯೇ. ಸದ್ದಿಲ್ಲ ಅಂದರೆ ಕರೆಂಟಿಲ್ಲ ಅಂತಲ್ಲ. ಒಣ ನೆಲ, ಡಾಂಬರು, ಮರಳಿನ ಮೇಲೆ ಬಿದ್ದರೆ ಫ್ಯೂಸು ಹೋಗದೆ ಹಾಗೇ ಉಳಿಯಬಹುದು. ಬ್ರೇಕರ್ ಬಿದ್ದಿದ್ದರೂ ಕೆಲವು ಸೆಕೆಂಡಿಗೆ ತಾನಾಗಿ ಮತ್ತೆ ಹಾಕಿಕೊಳ್ಳುವ ವ್ಯವಸ್ಥೆ ಬಹಳ ಲೈನುಗಳಲ್ಲಿ ಇದೆ.

ಕನಿಷ್ಠ 10 ಮೀಟರ್ ದೂರ ಇರಿ, ಬೇರೆಯವರನ್ನೂ ತಡೆಯಿರಿ, ವಿದ್ಯುತ್ ಕಂಪನಿಗೆ ಫೋನ್ ಮಾಡಿ. ತಂತಿ ತಾಗಿದ ಜಾಗದಲ್ಲಿ ನೆಲದ ವೋಲ್ಟೇಜ್ ಜಾಸ್ತಿ, ದೂರ ಹೋದಂತೆ ಇಳಿಯುತ್ತದೆ. ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟರೆ ಎರಡಕ್ಕೂ ಬೇರೆ ಬೇರೆ ವೋಲ್ಟೇಜ್, ಕರೆಂಟು ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಜಾನುವಾರುಗಳು ಸುಲಭವಾಗಿ ಸಾಯುವುದು ಹೀಗೇ, ಮುಂಗಾಲಿಗೂ ಹಿಂಗಾಲಿಗೂ ಅಂತರ ದೊಡ್ಡದು, ನಡುವೆ ಗುಂಡಿಗೆ. ನೀವು ಗೊತ್ತಿಲ್ಲದೆ ಹತ್ತಿರ ಬಂದುಬಿಟ್ಟಿದ್ದರೆ ಎರಡು ಪಾದ ಜೋಡಿಸಿ, ನೆಲ ಬಿಡದೆ ಇಂಚಿಂಚು ಉಜ್ಜುತ್ತಾ ಆಚೆ ಹೋಗಿ. ವಾಹನದ ಮೇಲೆ ತಂತಿ ಬಿದ್ದರೆ ಒಳಗೇ ಕೂತಿರಿ. ಬೆಂಕಿ ಹತ್ತಿದರೆ ಮಾತ್ರ, ಒಂದು ಕೈ ಬಾಗಿಲಿಗೆ ಒಂದು ಕಾಲು ನೆಲಕ್ಕೆ ಹೀಗೆ ಇಳಿಯದೆ, ಎರಡೂ ಕಾಲು ಜೋಡಿಸಿ ಹೊರಗೆ ಹಾರಿ. ಯಾರಿಗಾದರೂ ಹೊಡೆದಿದ್ದರೆ ಲೈನ್ ಬಂದ್ ಆಗಿದೆ ಅಂತ ಕಂಪನಿಯವರು ಹೇಳುವವರೆಗೂ ಮುಟ್ಟಬೇಡಿ. ಹೇಳಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಐದು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ. ಸಿಡಿಲು ಹೊಡೆದವರ ವಿಷಯ ಬೇರೆ, ಅವರ ಮೈಯಲ್ಲಿ ಏನೂ ಉಳಿದಿರುವುದಿಲ್ಲ, ತಕ್ಷಣ ಮುಟ್ಟಬಹುದು.

ಪ್ರಶ್ನೆ: ಅಂಕಲ್, ನನಗೆ 16. ಇಂಥ ವಿಡಿಯೊ ನೂರಕ್ಕೂ ಜಾಸ್ತಿ ನೋಡಿದ್ದೇನೆ. ಮೊದಲು ಹೊಟ್ಟೆ ತೊಳಸುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ. ಗೆಳೆಯರು ನಗುತ್ತಾ ನೋಡುತ್ತಾರೆ, ನಾನೂ ನಗುತ್ತೇನೆ. ನಾನು ಕೆಟ್ಟವನಾ?

ಉತ್ತರ: ಅಲ್ಲ ಮರಿ. ಕೆಟ್ಟವನಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಸಬ್‌ಸ್ಟೇಷನ್ನಿನಲ್ಲಿ ಟ್ರಾನ್ಸ್‌ಫಾರ್ಮರುಗಳು ಹಗಲೂ ರಾತ್ರಿ ಗುಂಯ್ ಅನ್ನುತ್ತಿರುತ್ತವೆ. ಸೇರಿದ ಹೊಸದರಲ್ಲಿ ನನಗೆ ತಲೆನೋವು ಬರುತ್ತಿತ್ತು. ತಿಂಗಳಾಗುವಷ್ಟರಲ್ಲಿ ಆ ಸದ್ದು ಕೇಳುವುದೇ ನಿಂತಿತು. ಕಿವಿ ಕೆಟ್ಟಿರಲಿಲ್ಲ, ಸದ್ದೂ ನಿಂತಿರಲಿಲ್ಲ. ಎರಡು ವಾರ ರಜೆ ಹಾಕಿ ವಾಪಸ್ ಬಂದರೆ ಗೇಟಿನಲ್ಲೇ ಕೇಳಿಸುತ್ತಿತ್ತು. ನಿನಗೂ ಅದೇ ಆಗಿರುವುದು ಅಂತ ಕಾಣುತ್ತದೆ. ರಜೆ ಹಾಕು. ತಾನಾಗಿ ಮುಂದಿನ ವಿಡಿಯೊ ಓಡುವುದನ್ನು ಬಂದ್ ಮಾಡು, ಇಂಥದ್ದು ಬಂದಾಗ "ಆಸಕ್ತಿ ಇಲ್ಲ" ಒತ್ತು. ನೀನು ಬೈಯುತ್ತಾ ನೋಡಿದರೂ ಪೂರ್ತಿ ನೋಡಿದ್ದೀಯ ಅಂತಲೇ ಆ ಯಂತ್ರ ಲೆಕ್ಕ ಇಡುತ್ತದೆ, ಇನ್ನೊಂದು ಕಳಿಸುತ್ತದೆ.

ಏನೂ ಅನ್ನಿಸುವುದಿಲ್ಲ ಅಂದರೆ ಏನೂ ಆಗುತ್ತಿಲ್ಲ ಅಂತ ಮಾತ್ರ ತಿಳಿಯಬೇಡ. ಇಂಥದ್ದನ್ನು ನೋಡಿ ತೆಗೆದುಹಾಕುವುದನ್ನೇ ಸಂಬಳದ ಕೆಲಸ ಮಾಡಿಕೊಂಡ ದೊಡ್ಡವರು ಇದ್ದಾರೆ. ಅದರಿಂದ ಮನಸ್ಸು ಕೆಟ್ಟಿತು ಅಂತ ಅಮೆರಿಕದಲ್ಲಿ ಅವರು ಹೂಡಿದ ಮೊಕದ್ದಮೆಯಲ್ಲಿ 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ನೀನು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೀಯ. ನಿದ್ದೆ, ಓದು, ಸಿಟ್ಟು ಇವುಗಳಲ್ಲಿ ಏನಾದರೂ ಏರುಪೇರು ಕಂಡರೆ ಮನೆಯಲ್ಲಿ ಯಾರ ಹತ್ತಿರ ಮಾತಾಡುವುದು ಸುಲಭವೋ ಅವರಿಗೆ ಹೇಳು. ಅಮ್ಮ ಬೈದರೂ ಪರವಾಗಿಲ್ಲ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಲೈನ್ ಕೆಲಸ ಮಾಡುವಾಗಲೇ ಹೋದರು. ಯಾರೋ ಕೆಳಗೆ ನಿಂತು ಚಿತ್ರೀಕರಿಸಿದ್ದರು. ಎರಡು ವರ್ಷವಾಯಿತು, ಅದು ಇನ್ನೂ ತಿರುಗುತ್ತಿದೆ, ಈಗ ತಮಾಷೆಯ ಸಂಗೀತ ಬೇರೆ ಸೇರಿಸಿದ್ದಾರೆ. ತೆಗೆಸಲು ಆಗುತ್ತದಾ? ಚಿಕ್ಕಮ್ಮನ ಫೋನಿಗೂ ಒಮ್ಮೆ ಬಂದಿತ್ತು.

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಪಕ್ಕಕ್ಕಿಟ್ಟು ಆಮೇಲೆ ಬರೆಯಲು ಕೂತೆ. ಪೂರ್ತಿ ತೆಗೆಸುವುದು ಕಷ್ಟ, ಕಡಿಮೆ ಮಾಡಲು ಸಾಧ್ಯ. ದೊಡ್ಡ ಜಾಲತಾಣಗಳಲ್ಲಿ ಪ್ರತಿ ವಿಡಿಯೊದ ಪಕ್ಕ ದೂರು ಕೊಡುವ ಗುಂಡಿ ಇರುತ್ತದೆ. ಅಲ್ಲಿ ಹಿಂಸೆಯ ದೃಶ್ಯ ಅಂತ ಆರಿಸಿ. ಜಾಗವಿದ್ದರೆ, ಇದು ನಮ್ಮ ಮನೆಯವರ ಸಾವು, ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಮನೆಯವರ ಮನವಿ ಅಂದರೆ ತೂಕ ಬೇರೆ. ಕೊಂಡಿ, ತಾರೀಕು, ಬಂದ ಉತ್ತರ ಎಲ್ಲವನ್ನೂ ಒಂದು ಕಡೆ ಬರೆದಿಡಿ. ಒಂದು ತೆಗೆದರೆ ಇನ್ನೊಂದು ಬರುತ್ತದೆ, ಪ್ರತಿ ಸಲ ಮೊದಲಿಂದ ಶುರುಮಾಡುವುದು ತಪ್ಪುತ್ತದೆ. ಸಂಗೀತ ಸೇರಿಸಿ ಹಾಕಿದವರ ಮೇಲೆ ದೂರು ಕೊಡಬಹುದಾ ಅಂತ ವಕೀಲರೊಬ್ಬರನ್ನು ಒಮ್ಮೆ ಕೇಳಿ.

ಆದರೆ ಈ ಹುಡುಕುವ ಕೆಲಸ ನೀವು ಮಾಡಬೇಡಿ, ಚಿಕ್ಕಮ್ಮನ ಮಕ್ಕಳೂ ಬೇಡ. ಒಂದೊಂದು ದೂರಿಗೂ ಒಂದೊಂದು ಸಲ ಅದನ್ನು ತೆರೆಯಬೇಕಾಗುತ್ತದೆ. ಚಿಕ್ಕಪ್ಪನನ್ನು ಕಂಡಿರದ ಗೆಳೆಯರೊಬ್ಬರು ನಿಮಗೆ ಇದ್ದೇ ಇರುತ್ತಾರೆ, ಅವರಿಗೆ ವಹಿಸಿ, ಸದ್ದು ಆರಿಸಿಕೊಂಡು ಮಾಡಲಿ. ಚಿಕ್ಕಮ್ಮನ ಫೋನಿನಲ್ಲಿ ವಿಡಿಯೊ ತಾನಾಗಿ ಇಳಿಯದಂತೆ, ತಾನಾಗಿ ಓಡದಂತೆ ಇವತ್ತೇ ಮಾಡಿಕೊಡಿ. ಐದು ನಿಮಿಷದ ಕೆಲಸ.